ಪಕ್ಕದ ಸೀಟಿನ ಬ್ರೇಕು

ಅವನ ಹೆಸರು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ನಿಧಾನಪ್ಪ. ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕಾರಿನಲ್ಲಿ ಕೂತ ಗಳಿಗೆಯಿಂದ ಇಳಿಯುವ ತನಕ ‘ನಿಧಾನ, ನಿಧಾನ’ ಎನ್ನುವುದು ಬಿಟ್ಟರೆ ಅವನ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಊಟಕ್ಕೆ ಕೂತವರಿಗೂ ಅದನ್ನೇ ಹೇಳುತ್ತಿದ್ದ, ಮೆಟ್ಟಿಲಿಳಿಯುವ ಹೆಂಡತಿಗೂ ಅದನ್ನೇ ಹೇಳುತ್ತಿದ್ದ. ಇವನು ಹುಟ್ಟಿದ್ದೂ ಹೇಳಿದ ದಿನಕ್ಕಿಂತ ತಡವಾಗಿಯೇ ಎಂದು ಅವನ ಅಣ್ಣ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಪಾಠದ ವಿಷಯದಲ್ಲಿ ಮಾತ್ರ ಅವನನ್ನು ಆಡಿಕೊಳ್ಳುವಂತಿರಲಿಲ್ಲ. ಬೇರೆ ಮೇಷ್ಟ್ರುಗಳು ಮೊದಲ ದಿನವೇ ಸ್ಟಿಯರಿಂಗ್ ಕೈಗೆ ಕೊಟ್ಟರೆ ಇವನು ಮೊದಲ ದಿನ ಕಾರಿನ ಸುತ್ತ ನಡೆಸುತ್ತಿದ್ದ. ‘ಟೈರಿಗೆ ಒದ್ದು ನೋಡೋದು ಸಿನಿಮಾದಲ್ಲಿ. ನೀವು ಗಾಳಿ ಅಳತೆ ಮಾಡಿಸಿ, ಅದೂ ಬೆಳಿಗ್ಗೆ ಗಾಡಿ ತಣ್ಣಗಿರುವಾಗ. ಓಡಿಸಿ ಬಿಸಿ ಮಾಡಿದ ಮೇಲೆ ನೋಡಿದ್ರೆ ಅದು ಸುಳ್ಳು ಲೆಕ್ಕ ಹೇಳುತ್ತೆ’ ಎನ್ನುತ್ತಿದ್ದ. ಎಂಜಿನ್ ಕಾದಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರೆ ಮುಖ ಬೇಯುತ್ತದೆ ಎಂದು ಹೆದರಿಸುತ್ತಿದ್ದ. ವೈಪರಿನ ರಬ್ಬರನ್ನು ಬೆರಳಿನಿಂದ ಸವರಿಸುತ್ತಿದ್ದ, ಬ್ರೇಕ್ ಆಯಿಲ್ ಡಬ್ಬಿಯ ಮೇಲಿನ ಎರಡು ಗೆರೆಗಳನ್ನು ತೋರಿಸಿ, ‘ಈ ಎರಡರ ಮಧ್ಯೆ ನಿಮ್ಮ ಜೀವ ಇದೆ’ ಎನ್ನುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂದಿನ ಚಕ್ರ ರಸ್ತೆ ಮುಟ್ಟುವುದು ಕಾಣುತ್ತಿರಬೇಕು, ಕಾಣದಿದ್ದರೆ ನೀವು ಅವರ ಮನೆಯೊಳಕ್ಕೇ ಹೋಗಿದ್ದೀರಿ ಎಂದು ಅರ್ಥ. ಕನ್ನಡಿ ಇರುವುದು ನೋಡುವುದಕ್ಕೆ, ತಲೆ ಬಾಚುವುದಕ್ಕಲ್ಲ. ಹೀಗೆ ಅವನ ಹತ್ತಿರ ಒಂದು ಪುರಾಣವೇ ಇತ್ತು.

ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಈ ಪುರಾಣಕ್ಕಲ್ಲ. ಅವನ ಹತ್ತಿರ ಕಲಿತರೆ ಭಯವೇ ಆಗುವುದಿಲ್ಲ ಎನ್ನುವ ಮಾತು ಹಬ್ಬಿತ್ತು. ಬೇರೆ ಕಡೆ ಅತ್ತು ಬಿಟ್ಟು ಬಂದವರು, ವಯಸ್ಸಾದ ಮೇಲೆ ಧೈರ್ಯ ಮಾಡಿದವರು, ಗಂಡನ ಬೈಗುಳಕ್ಕೆ ಹೆದರಿ ಸ್ಟಿಯರಿಂಗ್ ಮುಟ್ಟದವರು, ಎಲ್ಲರೂ ಕೊನೆಗೆ ಅವನ ಕಾರಿನಲ್ಲಿ ಬಂದು ಕೂರುತ್ತಿದ್ದರು. ಕೂತ ಕೆಲವೇ ದಿನಕ್ಕೆ ತಮ್ಮ ಕಾಲಿನ ಮೇಲೆ ತಮಗೇ ಹೆಮ್ಮೆ ಬರುತ್ತಿತ್ತು. ಅವನ ಕಾರಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ.

ಇದರ ಗುಟ್ಟು ಅವನ ಬಲಗಾಲಿನಲ್ಲಿತ್ತು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕೆಳಗೆ ಎರಡಕ್ಕೂ ಸೇರಿ ಒಂದು ಸರಳು. ಮೇಷ್ಟ್ರು ಒತ್ತಿದರೆ ಕಲಿಯುವವರ ಪೆಡಲೂ ಜೊತೆಗೇ ಕೆಳಗಿಳಿಯುತ್ತದೆ. ಅದು ಇರುವುದು ಆಪತ್ತಿಗೆ. ನಿಧಾನಪ್ಪ ಅದನ್ನು ಆಪತ್ತಿಗೆಂದು ಇಟ್ಟುಕೊಂಡಿರಲಿಲ್ಲ. ಪ್ರತಿ ತಿರುವಿನಲ್ಲಿ, ಪ್ರತಿ ಉಬ್ಬಿನಲ್ಲಿ, ಕಲಿಯುವವರ ಕಾಲು ಬ್ರೇಕಿನ ಮೇಲೆ ಬಂದ ಕೂಡಲೇ ಅವನ ಕಾಲೂ ತನ್ನ ಪೆಡಲನ್ನು ಮೆಲ್ಲಗೆ ಒತ್ತುತ್ತಿತ್ತು. ಕಲಿಯುವವರಿಗೆ ತಾವೇ ಒತ್ತಿದ ಹಾಗೆ. ಕಾರು ಬೆಣ್ಣೆಯಂತೆ ನಿಲ್ಲುತ್ತಿತ್ತು. ಇವನು ‘ಭೇಷ್’ ಎನ್ನುತ್ತಿದ್ದ.

ಇದು ಮೋಸ ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಶುರುವಿನ ವರ್ಷಗಳಲ್ಲಿ ಕಾರು ಜರ್ಕ್ ಹೊಡೆದು ನಿಂತಾಗ ಜನ ಬೆದರಿ ಪಾಠ ಬಿಟ್ಟುಹೋಗುತ್ತಿದ್ದರು. ಕೂಸಿಗೆ ನಡೆಯಲು ಕಲಿಸುವಾಗ ಕೈ ಹಿಡಿಯುವುದಿಲ್ಲವೇ, ಹಾಗೆ ಎಂದುಕೊಂಡು ಶುರು ಮಾಡಿದ. ಹಿಡಿದ ಕೈಯನ್ನು ಒಂದು ದಿನ ಬಿಡಬೇಕು ಎನ್ನುವುದನ್ನು ಮರೆತ. ಆಮೇಲೆ ಕಾಲಿಗೆ ಅಭ್ಯಾಸವಾಗಿಹೋಯಿತು, ಕೇಳದೆ ತಾನೇ ಒತ್ತುತ್ತಿತ್ತು. ಪಾಸಾಗಿ ಹೋದವರು ಎಲ್ಲಾದರೂ ಸಿಕ್ಕಾಗ, ‘ನಮ್ಮ ಕಾರಿನ ಬ್ರೇಕ್ ನಿಮ್ಮದರಷ್ಟು ಚೆನ್ನಾಗಿಲ್ಲ ಸಾರ್’ ಎನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದು ಮನೆಗೆ ಹೊತ್ತು ತಂದು ಹೆಂಡತಿಗೆ ಹೇಳುತ್ತಿದ್ದ. ಕಿವಿ ಹಿಂಡಿ ಹೇಳಿದ ಮಾತನ್ನು ಬೆನ್ನು ತಟ್ಟಿದ್ದೆಂದು ತಿಳಿದುಕೊಂಡ ಜಾಣ.

ಅಂಥವನ ಹತ್ತಿರ ಅವನ ಅತ್ತಿಗೆ ಕಲಿಯಲು ಬಂದರು.

ಅತ್ತಿಗೆ ಎಂದರೆ ಅವನಿಗೆ ಹೆಚ್ಚುಕಡಿಮೆ ತಾಯಿ. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಹೊಸದಾಗಿ ಮನೆಗೆ ಬಂದ ಅತ್ತಿಗೆಯೇ ಅವನ ತಲೆಗೆ ಎಣ್ಣೆ ಹಚ್ಚಿ, ಶಾಲೆಗೆ ಕಳಿಸಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ದೊಡ್ಡವನನ್ನು ಮಾಡಿದರು. ಅಣ್ಣನದು ಹೊಲಿಗೆ ಮಿಷನ್ ರಿಪೇರಿ ಕೆಲಸ. ಹಳೆಯ ಕಾರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ದರ್ಜಿ ಅಂಗಡಿಗಳಿಗೆ, ಮನೆಗಳಿಗೆ ಹೋಗಿ ಕೈಕೊಟ್ಟ ಮಿಷನ್ನುಗಳನ್ನು ಸರಿ ಮಾಡಿ ಬರುವನು. ಆ ಅಣ್ಣನ ಕಣ್ಣು ಮಂಕಾಗತೊಡಗಿತ್ತು. ಎದುರಿಗಿದ್ದದ್ದು ಕಾಣುತ್ತದೆ, ಅಕ್ಕಪಕ್ಕದ್ದೆಲ್ಲ ಮಬ್ಬು. ಕೈಕೆಲಸಕ್ಕೆ ತೊಂದರೆಯಿಲ್ಲ, ಸ್ಟಿಯರಿಂಗ್ ಮಾತ್ರ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದರು. ಅಣ್ಣ ಒಂದು ವಾರ ಮುಖ ಊದಿಸಿಕೊಂಡು ಕೂತ. ಆಮೇಲೆ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದರು. ‘ಕೈ ನಿಮ್ಮದು, ಕಾಲು ನಂದು. ಒಟ್ಟಿಗೆ ಹೋಗೋಣ’ ಎಂದರು.

ಐವತ್ತು ದಾಟಿದ ಹೆಂಗಸು. ಸೈಕಲ್ ಕೂಡ ತುಳಿದವರಲ್ಲ. ಚಿಕ್ಕಂದಿನಿಂದ ‘ನಿನ್ನ ಕೈಗೆ ಕೊಟ್ಟಿದ್ದು ಒಡೆಯುತ್ತೆ’ ಎಂದು ತವರಿನಲ್ಲಿ ಬೈಸಿಕೊಂಡು ಬಂದವರು. ಹಾಗಾಗಿ ನಿಧಾನಪ್ಪನ ಕಾಲು ಅತ್ತಿಗೆಯ ವಿಷಯದಲ್ಲಿ ಇನ್ನೂ ಧಾರಾಳವಾಯಿತು. ಬೇರೆಯವರಿಗೆ ಅರ್ಧ ಒತ್ತಿದರೆ ಅತ್ತಿಗೆಗೆ ಮುಕ್ಕಾಲು ಒತ್ತಿದ. ಕಾರು ಸಲೀಸಾಗಿ ನಿಂತಾಗಲೆಲ್ಲ ಅತ್ತಿಗೆಯ ಮುಖ ಅರಳುತ್ತಿತ್ತು. ‘ನನಗೂ ಬರುತ್ತೆ ಅಂತ ಗೊತ್ತೇ ಇರಲಿಲ್ಲ ಕಣೋ’ ಎಂದರು ಒಂದು ದಿನ. ಅವನ ಕಣ್ಣು ತುಂಬಿತು. ಪರೀಕ್ಷೆಯ ದಿನ ಅಧಿಕಾರಿ ಹಿಂದಿನ ಸೀಟಿನಲ್ಲಿ ಕೂತಿದ್ದರು, ಮೇಷ್ಟ್ರು ಎಂದಿನಂತೆ ಪಕ್ಕದಲ್ಲಿ. ಅತ್ತಿಗೆ ಪಾಸಾದರು. ಅಣ್ಣ ಬೀದಿಗೆಲ್ಲ ಸಿಹಿ ಹಂಚಿದ.

ಲೈಸೆನ್ಸ್ ಬಂದ ವಾರವೇ ಅದಾಯಿತು. ಅತ್ತಿಗೆ ತಮ್ಮ ಹಳೆಯ ಕಾರಿನಲ್ಲಿ ಅಣ್ಣನನ್ನು ಕೂರಿಸಿಕೊಂಡು ಮೊದಲೆರಡು ಸಲ ಖಾಲಿ ರಸ್ತೆಯಲ್ಲಿ ಹೋಗಿ ಬಂದಿದ್ದರು. ಅಲ್ಲಿ ಥಟ್ಟನೆ ನಿಲ್ಲಿಸುವ ಪ್ರಸಂಗವೇ ಬಂದಿರಲಿಲ್ಲ. ಆ ದಿನ ಪೇಟೆಯೊಳಗಿನ ದರ್ಜಿ ಅಂಗಡಿಗೆ ಹೊರಟರು. ದೊಡ್ಡ ಬಟ್ಟೆ ಅಂಗಡಿಯ ಮುಂದೆ ಸೆಕ್ಯುರಿಟಿಯವನು ಬೇರೊಂದು ಗಾಡಿಯನ್ನು ಹಿಂದಕ್ಕೆ ತೆಗೆಸುತ್ತ, ಬೆನ್ನು ಮಾಡಿಕೊಂಡು ರಸ್ತೆಗೆ ಬಂದ. ಅತ್ತಿಗೆ ಅವನನ್ನು ದೂರದಿಂದಲೇ ನೋಡಿದರು. ಬ್ರೇಕಿನ ಮೇಲೆ ಕಾಲನ್ನೂ ಇಟ್ಟರು. ಕಾರು ಸ್ವಲ್ಪ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಆ ಮನುಷ್ಯನ ಮೊಣಕಾಲಿನ ಕೆಳಗಿನ ಮೂಳೆ ಮುರಿದಿದೆ ಎಂದರು.

ನಿಧಾನಪ್ಪ ಪಾಠ ಅರ್ಧಕ್ಕೆ ಬಿಟ್ಟು ಓಡಿ ಬಂದ. ಪೊಲೀಸರು ಬಂದು ಬರೆದುಕೊಂಡು ಹೋಗಿದ್ದರು. ಅಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅತ್ತಿಗೆ ಗೋಡೆಗೊರಗಿ ನಿಂತಿದ್ದರು. ಅಳುತ್ತಿರಲಿಲ್ಲ. ಅವನನ್ನು ಕಂಡ ಕೂಡಲೇ ಅವನ ತೋಳು ಹಿಡಿದುಕೊಂಡು ಪಕ್ಕಕ್ಕೆ ಕರೆದೊಯ್ದರು.

‘ನಾನು ಕಾಲಿಟ್ಟೆ ಕಣೋ. ನಿನ್ನ ಕಾರಿನಲ್ಲಿ ಹೇಗೆ ಇಡ್ತಿದ್ದೆನೋ ಹಾಗೇ ಇಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆದ್ರೆ ಅದು ನಿಲ್ಲಲಿಲ್ಲ.’

ಕೇಳಿದ ಗಳಿಗೆಯಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಬಲಗಾಲು ಚಪ್ಪಲಿಯೊಳಗೆ ತಣ್ಣಗಾಯಿತು.

‘ನೀನು ಹೋಗಿ ಗಾಡಿ ನೋಡು. ನೋಡಿ ನಿಜ ಹೇಳು. ತಪ್ಪು ಗಾಡಿದೋ ನಂದೋ?’ ಎಂದರು ಅತ್ತಿಗೆ.

ಅವನು ಹೋಗಿ ನೋಡಿದ. ನೋಡುವುದೇನಿತ್ತು? ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಂದೆ ಸುಮ್ಮನೆ ನಿಂತ. ಆಯಿಲ್ ಮೇಲಿನ ಗೆರೆಯ ತನಕ ಇತ್ತು. ಪೆಡಲ್ ಗಟ್ಟಿಯಾಗಿತ್ತು. ಟೈರಿಗೆ ಗಾಳಿ ಸರಿಯಾಗಿತ್ತು. ಇಡೀ ಊರಿನಲ್ಲಿ ಅಷ್ಟು ಅಚ್ಚುಕಟ್ಟಾದ ಹಳೆಯ ಕಾರು ಇನ್ನೊಂದಿರಲಿಲ್ಲ. ಗಾಡಿ ಸರಿಯಿದೆ ಎಂದರೆ ತಪ್ಪು ಅತ್ತಿಗೆಯದಾಗುತ್ತದೆ, ಆ ಹೆಂಗಸು ಇನ್ನು ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟುವುದಿಲ್ಲ. ಮೂರನೆಯ ಉತ್ತರವೊಂದಿತ್ತು. ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ವಾಪಸ್ ಬಂದು, ‘ಬ್ರೇಕ್ ಆಯಿಲ್ ಸ್ವಲ್ಪ ಕಮ್ಮಿ ಇತ್ತು ಅತ್ತಿಗೆ’ ಎಂದ.

ಹೇಳಿದ ಮೇಲೆ ನೆನಪಾಯಿತು, ಆ ಕಾರಿನ ಆಯಿಲ್ಲು, ಗಾಳಿ, ನೀರು ಎಲ್ಲವನ್ನೂ ನೋಡಿಕೊಳ್ಳುವವನು ಅಣ್ಣ. ಓಡಿಸುವುದು ಕೈತಪ್ಪಿದ ಮೇಲೆ ಆ ಒಂದು ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ಭಾನುವಾರ ಟಾರ್ಚು ಹಿಡಿದು, ಕಣ್ಣನ್ನು ಡಬ್ಬಿಗೆ ತಾಗುವಷ್ಟು ಹತ್ತಿರ ತಂದು ಗೆರೆ ನೋಡುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ಅಣ್ಣ ತಲೆಯೆತ್ತಿದ. ಕಣ್ಣು ಮಂಕಾದವರ ಕಿವಿ ಚುರುಕು.

‘ಕಮ್ಮಿ ಇತ್ತಾ?’ ಎಂದ. ‘ಭಾನುವಾರ ನೋಡಿದ್ನಲ್ಲ. ಗೆರೆ ತನಕ ಇದೆ ಅಂದ್ಕೊಂಡೆ.’

ಅಣ್ಣ ತನ್ನ ಬೆರಳುಗಳನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿಕೊಂಡ, ಆಮೇಲೆ ಕೈಗಳನ್ನು ಪೆಟ್ಟಿಗೆಯ ಕೆಳಗೆ ಇಟ್ಟುಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಬರೆ ಹಾಕಿದವನು ಅಲ್ಲೇ ನಿಂತಿದ್ದ. ನೀರು ಕುಡಿಯುತ್ತೀಯಾ ಎಂದು ಅಣ್ಣನನ್ನು ಕೇಳಿದ.

ಅಂದಿನಿಂದ ಅಣ್ಣ ಕೆಲಸ ಮುಟ್ಟಲಿಲ್ಲ. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ದರ್ಜಿ ಅಂಗಡಿಗಳಿಂದ ಫೋನ್ ಬಂದರೆ, ‘ಬೇರೆಯವರನ್ನ ನೋಡ್ಕೊಳ್ಳಿ’ ಎಂದು ಇಟ್ಟುಬಿಡುವನು. ಅತ್ತಿಗೆ ಮೊದಮೊದಲು ಗದರಿದರು, ಆಮೇಲೆ ಬೇಡಿಕೊಂಡರು. ‘ನನ್ನ ಕೈಯಿಂದ ಒಬ್ಬನ ಕಾಲು ಮುರೀತು. ಇನ್ನು ಯಾವಳೋ ಹುಡುಗಿ ಬೆರಳಿಗೆ ಸೂಜಿ ಹೊಕ್ಕೋದು ಬೇಡ’ ಎಂದ ಅಣ್ಣ. ಕಾರಿಗೆ ಹೊದಿಕೆ ಬಿತ್ತು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂರುತ್ತಿದ್ದ. ಇಷ್ಟು ವರ್ಷ ಒಂದು ಗಳಿಗೆ ಸುಮ್ಮನಿರದ ಕೈಗಳು ಅವು. ಮಾತಾಡುವಾಗಲೂ ಏನಾದರೊಂದು ಸ್ಕ್ರೂ ತಿರುಗಿಸುತ್ತಿದ್ದವು.

ನಿಧಾನಪ್ಪ ದಿನವೂ ಹೋಗುತ್ತಿದ್ದ. ಹೇಳಬೇಕೆಂದೇ ಹೋಗುತ್ತಿದ್ದ. ಅತ್ತಿಗೆ ಚಹಾ ತಂದಿಡುವರು, ಅಣ್ಣ ‘ಪಾಠ ಹೇಗೆ ನಡೀತಿದೆ?’ ಎಂದು ಕೇಳುವನು, ಇವನು ‘ನಡೀತಿದೆ’ ಎಂದು ಎದ್ದು ಬರುವನು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆಯಲ್ಲಿ ಹೆಂಡತಿ ಯಾಕೆ ಊಟ ಬಿಟ್ಟಿದ್ದೀರಿ ಎಂದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಹೊಟ್ಟೆ ಸರಿಯಾಗಿಯೇ ಇತ್ತು. ತಪ್ಪು ಮಾಡಿದ್ದಕ್ಕಿಂತ ಅದನ್ನು ಅಣ್ಣನ ಕಣ್ಣಿಗೆ ಅಂಟಿಸಿ ಬಂದದ್ದು ಅವನನ್ನು ಸುಡುತ್ತಿತ್ತು, ಮತ್ತು ಪ್ರತಿ ದಿನ ಸುಮ್ಮನಿದ್ದು ಆ ತಪ್ಪನ್ನು ಮತ್ತೆ ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೆಕ್ಯುರಿಟಿಯವನ ಮನೆಗೂ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದ. ಒಂದೇ ಕೋಣೆಯ ಮನೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಆ ಮನುಷ್ಯ ಗೋಡೆಗೊರಗಿ ಕೂತಿರುತ್ತಿದ್ದ. ‘ಪಾಪ, ನೀವು ಯಾಕೆ ದಿನಾ ಬರ್ತೀರಿ ಮೇಷ್ಟ್ರೇ? ನಿಮ್ಮದೇನು ತಪ್ಪು? ಗಾಡಿನೇ ಕೈಕೊಟ್ಟರೆ ಯಾರನ್ನ ಬೈಯೋದು?’ ಎನ್ನುವನು. ಅವನ ಹೆಂಡತಿ ಇವನು ತಂದ ಹಣ್ಣನ್ನೇ ಹೆಚ್ಚಿ ಇವನಿಗೇ ತಟ್ಟೆಯಲ್ಲಿಟ್ಟು ಕೊಡುವಳು. ಅದನ್ನು ತಿನ್ನುವುದಿದೆಯಲ್ಲ, ಅದಕ್ಕಿಂತ ಅವಳು ಕಪಾಳಕ್ಕೆ ಎರಡು ಬಿಟ್ಟಿದ್ದರೆ ವಾಸಿಯಿತ್ತು.

ಪಾಠವಾದರೂ ನೆಟ್ಟಗೆ ಮಾಡೋಣವೆಂದು ಒಂದು ಬೆಳಿಗ್ಗೆ ತೀರ್ಮಾನಿಸಿದ. ಅಂದು ಅವನ ಕಾರಿನಲ್ಲಿದ್ದವರು ಹಲ್ಲಿನ ಡಾಕ್ಟರಮ್ಮ. ಮುಂದಿನ ವಾರ ಅವರಿಗೆ ಪರೀಕ್ಷೆ. ನಿಧಾನಪ್ಪ ಬಲಗಾಲನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ಸಿಕ್ಕಿಸಿಕೊಂಡ. ಡಾಕ್ಟರಮ್ಮ ಹಾಡು ಗುನುಗುತ್ತ ತಿರುವಿನಲ್ಲಿ ಬ್ರೇಕಿಗೆ ಕಾಲು ತಾಗಿಸಿದರು. ತಾಗಿಸಿದರು, ಅಷ್ಟೇ. ಕಾರು ತನ್ನ ಪಾಡಿಗೆ ಮುಂದೆ ಹೋಗಿ, ನಿಂತಿದ್ದ ತಳ್ಳುಗಾಡಿಯ ಕಡೆ ಹೊರಟಿತು. ಇವನು ಕಾಲು ಕಿತ್ತು ಪೂರ್ತಿ ತುಳಿದ. ಇಬ್ಬರ ತಲೆಯೂ ಮುಂದಕ್ಕೆ ಹೋಗಿ ಬಂತು.

‘ಇವತ್ತು ನಿಮ್ಮ ಬ್ರೇಕ್ ಸರಿಯಿಲ್ಲ ಮೇಷ್ಟ್ರೇ’ ಎಂದರು ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು. ‘ಪಾಠ ಮಾಡೋ ಗಾಡಿ, ಗ್ಯಾರೇಜಿಗೆ ತೋರಿಸೋದಲ್ವಾ?’

‘ಬ್ರೇಕ್ ಸರಿಯಾಗಿದೆ ಮೇಡಂ. ಪರೀಕ್ಷೆ ಈಗ ಬೇಡ. ಮೊದಲಿಂದ ಕಲಿಯೋಣ.’

‘ಮೊದಲಿಂದನಾ? ನನಗೆ ಬರುತ್ತಲ್ಲ.’

ಅವನು ಅಂದು ಬಂದವರೆಲ್ಲರ ಜೊತೆಯೂ ಕಾಲನ್ನು ಸೀಟಿನ ಕೆಳಗೆ ಇಟ್ಟುಕೊಂಡ. ಒಬ್ಬರಿಗೂ ನಿಲ್ಲಿಸಲು ಬರಲಿಲ್ಲ. ಗೇರು ಬದಲಿಸಲು ಬರುತ್ತಿತ್ತು, ಕನ್ನಡಿ ನೋಡಲು ಬರುತ್ತಿತ್ತು, ಟೈರಿನ ಗಾಳಿಯ ಬಗ್ಗೆ ಭಾಷಣ ಮಾಡಲೂ ಬರುತ್ತಿತ್ತು. ನಿಲ್ಲಿಸುವುದೊಂದು ಬಿಟ್ಟು ಎಲ್ಲವನ್ನೂ ಕಲಿಸಿದ್ದ. ಇವರಿನ್ನೂ ಕೈಯಲ್ಲಿರುವವರು. ಪಾಸು ಮಾಡಿಸಿ ಕಳಿಸಿದವರು? ಅವರು ಈಗ ಯಾವ ಯಾವ ರಸ್ತೆಯಲ್ಲಿದ್ದಾರೋ, ಯಾರ ಯಾರ ಬೆನ್ನ ಹಿಂದಿದ್ದಾರೋ. ಈ ಯೋಚನೆ ಬಂದದ್ದೇ ಅವನು ಉಳಿದ ಪಾಠ ರದ್ದು ಮಾಡಿ, ಕಾರನ್ನು ನೇರ ಅಣ್ಣನ ಮನೆಗೆ ಬಿಟ್ಟ.

ಮನೆಯಲ್ಲಿ ಒಬ್ಬ ಗಿರಾಕಿ ಕೂತಿದ್ದ. ಅಣ್ಣನ ಪೆಟ್ಟಿಗೆ ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು, ಮುಚ್ಚಳ ತೆರೆದಿತ್ತು. ಅಣ್ಣ ಒಂದೊಂದೇ ಸಾಮಾನು ಎತ್ತಿ, ಬೆರಳಿನಿಂದ ಸವರಿ, ‘ಇದು ಬಾಬಿನ್ ಗೂಡು ಬಿಚ್ಚೋದು, ಇದು ಬೆಲ್ಟ್ ಎಳೆಯೋದು’ ಎಂದು ಆ ಮನುಷ್ಯನಿಗೆ ಕೊಡುತ್ತಿದ್ದ. ಪೆಟ್ಟಿಗೆಯನ್ನೇ ಮಾರಿಬಿಡುತ್ತಿದ್ದಾನೆ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ನಿಧಾನಪ್ಪ ಜೀವಮಾನದಲ್ಲಿ ಮೊದಲ ಸಲ ಅವಸರ ಮಾಡಿದ. ಗಿರಾಕಿಯ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, ‘ನಾಳೆ ಬನ್ನಿ, ಇವತ್ತು ಆಗಲ್ಲ’ ಎಂದು ಹೊರಗೆ ಕಳಿಸಿದ. ಆಮೇಲೆ ಅಣ್ಣನ ಮುಂದೆ ನೆಲದ ಮೇಲೆ ಕೂತ.

‘ಅಣ್ಣ, ಆಯಿಲ್ ಕಮ್ಮಿ ಇರಲಿಲ್ಲ. ನಾನು ಸುಳ್ಳು ಹೇಳಿದೆ.’

ಎಲ್ಲವನ್ನೂ ಹೇಳಿದ. ಪಕ್ಕದ ಪೆಡಲಿನ ವಿಷಯ, ತನ್ನ ಕಾಲಿನ ಅಭ್ಯಾಸ, ಅತ್ತಿಗೆಗೆ ಮುಕ್ಕಾಲು ಒತ್ತಿದ್ದು, ಪರೀಕ್ಷೆಯ ದಿನವೂ ಒತ್ತಿದ್ದು. ಹೇಳುವಾಗ ತಲೆಯೆತ್ತಲಿಲ್ಲ. ಮುಗಿಸಿದ ಮೇಲೆ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಅಣ್ಣನ ಕೈ ಅವನ ತಲೆಯ ಮೇಲೆ ಬಂತು.

‘ಇವನು ಚಿಕ್ಕಂದಿನಿಂದಲೂ ಹೀಗೇ ಕಣೇ’ ಎಂದ ಅಣ್ಣ ಅತ್ತಿಗೆಗೆ. ‘ನಾನು ಗಾಜು ಒಡೆದರೆ ಅಪ್ಪನ ಹತ್ರ ತಾನು ಒಡೆದೆ ಅಂತಿದ್ದ. ಈಗಲೂ ನನ್ನ ಏಟನ್ನ ತಾನು ತಿನ್ನೋಕೆ ಬಂದಿದಾನೆ.’

‘ಅಲ್ಲ ಅಣ್ಣ, ನಿಜ.’

‘ಹೋಗಲಿ ಬಿಡೋ. ನಿನ್ನ ಮನಸ್ಸು ಒಳ್ಳೇದು, ನನಗೆ ಗೊತ್ತು.’

ಅತ್ತಿಗೆಯೂ ನಂಬಲಿಲ್ಲ. ‘ನನ್ನ ಕಾಲು ನನಗೆ ಗೊತ್ತಾಗಲ್ವೇನೋ? ನಾನೇ ಒತ್ತುತ್ತಿದ್ದೆ. ಪೆಡಲ್ ಕೆಳಗೆ ಹೋಗೋದು ಗೊತ್ತಾಗ್ತಿತ್ತು. ನಮ್ಮನ್ನ ಸಮಾಧಾನ ಮಾಡೋಕೆ ಏನೇನೋ ಕಟ್ಟಬೇಡ’ ಎಂದು ಕಣ್ಣೊರೆಸಿಕೊಂಡರು.

ನಿಧಾನಪ್ಪ ಸೋತುಹೋದ. ಸುಳ್ಳು ಹೇಳಿದಾಗ ಇಬ್ಬರೂ ಒಂದೇ ಮಾತಿಗೆ ನಂಬಿದ್ದರು. ನಿಜ ಹೇಳಿದರೆ ಒಳ್ಳೆಯವನೆಂದು ತಲೆ ಸವರುತ್ತಿದ್ದಾರೆ. ಈ ಒಳ್ಳೆಯತನವೇ ಒಬ್ಬನ ಕಾಲು ಮುರಿದು, ಇನ್ನೊಬ್ಬನ ಕೈ ಕಟ್ಟಿಹಾಕಿದ್ದು ಎಂದು ಇವರಿಗೆ ಹೇಗೆ ತಿಳಿಸುವುದು? ಅವನಿಗೆ ಕೋಪವೂ ಬಂತು, ಅಳುವೂ ಬಂತು.

‘ಏಳಿ’ ಎಂದ. ‘ಇಬ್ಬರೂ ಏಳಿ. ತೋರಿಸ್ತೀನಿ.’

ಹೊಲಿಗೆ ಮಿಷನ್ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದು ಮನೆಯಲ್ಲಿತ್ತು, ಅದನ್ನು ತನ್ನ ಪಾಠದ ಕಾರಿನ ಡಿಕ್ಕಿಗೆ ಹಾಕಿ, ಇಬ್ಬರನ್ನೂ ಕೂರಿಸಿಕೊಂಡು ಹೊರಟ. ಇಟ್ಟಿಗೆ ಗೂಡಿನ ಆಚೆಗೆ ಒಂದು ಬಯಲಿತ್ತು. ಮನುಷ್ಯರಿಲ್ಲ, ದನವಿಲ್ಲ. ಅಲ್ಲಿ ಪೆಟ್ಟಿಗೆಯನ್ನು ದೂರದಲ್ಲಿ ನಿಲ್ಲಿಸಿ ಬಂದ. ಅತ್ತಿಗೆಯನ್ನು ಒತ್ತಾಯ ಮಾಡಿಯೇ ಸ್ಟಿಯರಿಂಗ್ ಮುಂದೆ ಕೂರಿಸಬೇಕಾಯಿತು. ಆಸ್ಪತ್ರೆಯ ದಿನದಿಂದ ಅವರು ಸ್ಟಿಯರಿಂಗ್ ಇರುವ ಕಡೆಯ ಬಾಗಿಲು ಕೂಡ ಮುಟ್ಟಿರಲಿಲ್ಲ. ಅಣ್ಣ ಹಿಂದಿನ ಸೀಟಿನಲ್ಲಿ ಕೂತ. ನಿಧಾನಪ್ಪ ತನ್ನ ಜಾಗದಲ್ಲಿ ಕೂತು, ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡ, ಪಂಕ್ತಿಯಲ್ಲಿ ಊಟಕ್ಕೆ ಕೂತವನ ಹಾಗೆ.

‘ಅಣ್ಣ, ನಿನಗೆ ಕಾಣಲ್ಲ. ಮುಟ್ಟಿ ನೋಡು.’

ಅಣ್ಣ ಎರಡು ಸೀಟುಗಳ ಮಧ್ಯದಿಂದ ಕೈ ಚಾಚಿ ತಮ್ಮನ ಮಡಚಿದ ಮೊಣಕಾಲನ್ನು ಹಿಡಿದುಕೊಂಡ.

‘ಹೊರಡಿ ಅತ್ತಿಗೆ. ಎರಡನೇ ಗೇರು ಸಾಕು. ಪೆಟ್ಟಿಗೆ ಮುಂದೆ ನಿಲ್ಲಿಸಿ. ನನ್ನ ಕಾರಿನಲ್ಲಿ ಹೇಗೆ ನಿಲ್ಲಿಸ್ತಿದ್ರೋ ಹಾಗೇ.’

ಕಾರು ಹೊರಟಿತು. ಪೆಟ್ಟಿಗೆ ಹತ್ತಿರ ಬಂತು. ಅತ್ತಿಗೆ ಸರಿಯಾದ ಹೊತ್ತಿಗೇ ಕಾಲಿಟ್ಟರು, ಎಷ್ಟೋ ಸಲ ಅವನಿಂದ ‘ಭೇಷ್’ ಅನ್ನಿಸಿಕೊಂಡ ಅದೇ ಹದದಲ್ಲಿ. ನಿಧಾನಪ್ಪನ ಮಡಚಿದ ಕಾಲು ಬಿಚ್ಚಿಕೊಳ್ಳಲು ತವಕಿಸಿತು, ಅಣ್ಣನ ಕೈ ಮೇಲಿತ್ತು. ಕಾರು ಪೆಟ್ಟಿಗೆಯನ್ನು ಬೀಳಿಸಿಕೊಂಡು, ಅದರ ಮೇಲೆ ಹತ್ತಿ, ಸ್ವಲ್ಪ ದೂರ ಎಳೆದುಕೊಂಡು ಹೋಗಿ ನಿಂತಿತು. ರಟ್ಟು ಮುರಿಯುವ ಸದ್ದು ಮೂವರಿಗೂ ಕೇಳಿಸಿತು.

ಅತ್ತಿಗೆ ತಮ್ಮ ಪಾದವನ್ನೇ ನೋಡುತ್ತಿದ್ದರು. ‘ಹಾಗಾದ್ರೆ ಪಾಸಾಗಿದ್ದು ನಾನಲ್ಲ’ ಎಂದರು.

ಅವನು ಹೌದೆಂದು ತಲೆಯಾಡಿಸಿದ.

‘ನನಗೂ ಬರುತ್ತೆ ಅಂದ್ಕೊಂಡಿದ್ದೆ ಕಣೋ. ಅದೊಂದನ್ನ ನಾನೇ ಕಲಿತೆ ಅಂದ್ಕೊಂಡಿದ್ದೆ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲು ಅವನಿಗೆ ಆಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತ.

ಅಣ್ಣ ಇನ್ನೂ ಮೊಣಕಾಲು ಹಿಡಿದೇ ಇದ್ದ. ‘ಆಯಿಲ್?’ ಎಂದ.

‘ಮೇಲಿನ ಗೆರೆ ತನಕ ಇತ್ತು ಅಣ್ಣ. ನೀನು ನೋಡಿದ್ದು ಸರಿಯಾಗೇ ಇತ್ತು.’

ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ತೆಗೆದುಕೊಂಡು ಆ ಕೈಯನ್ನು ಇನ್ನೊಂದು ಕೈಯಿಂದ ನಿಧಾನವಾಗಿ ತಿಕ್ಕಿಕೊಂಡ, ಬಹಳ ದಿನ ಮರಗಟ್ಟಿದ್ದು ಈಗ ಜೋಮು ಬಿಡುತ್ತಿದೆಯೇನೋ ಎಂಬಂತೆ. ‘ಇಷ್ಟು ದಿನ ನಾನು ಅಂಗಳದಲ್ಲಿ ಕೂತಿದ್ದನ್ನ ನೋಡ್ಕೊಂಡು ಚಹಾ ಕುಡಿದು ಹೋಗ್ತಿದ್ದೆಯಲ್ಲೋ’ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ತಮ್ಮನ ತಲೆ ಸವರಲು ಈ ಸಲ ಕೈ ಬರಲಿಲ್ಲ.

ಅತ್ತಿಗೆ ಮೂಗೊರೆಸಿಕೊಂಡು ನೆಟ್ಟಗೆ ಕೂತರು. ‘ನಾಳೆ ನನ್ನ ಜೊತೆ ಆ ಸೆಕ್ಯುರಿಟಿಯವರ ಮನೆಗೆ ಬರ್ತೀಯ. ಅಲ್ಲೂ ಇದನ್ನೇ ಹೇಳ್ತೀಯ’ ಎಂದರು.

‘ಹೇಳ್ತೀನಿ ಅತ್ತಿಗೆ.’

‘ಈಗ ಇಳಿ.’

ಅವನಿಗೆ ಅರ್ಥವಾಗಲಿಲ್ಲ.

‘ಇಳಿ ಅಂದೆ. ನೀನು ಪಕ್ಕದಲ್ಲಿದ್ರೆ ನಾನು ಕಲಿಯಲ್ಲ. ಇವರು ಕೂರಲಿ. ಇವರಿಗೆ ಪಕ್ಕದ್ದೂ ಕಾಣಲ್ಲ, ಯಾವಾಗ ಒತ್ತಬೇಕು ಅಂತಲೂ ಗೊತ್ತಾಗಲ್ಲ.’

‘ನಾನೂ ಕಾಲು ಮೇಲಿಟ್ಕೊಳ್ಳಬೇಕಾ?’ ಎಂದು ಕೇಳಿದ ಅಣ್ಣ ಹಿಂದಿನಿಂದ ಇಳಿಯುತ್ತ. ಅಪಘಾತವಾದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಅತ್ತಿಗೆ ನಗಲಿಲ್ಲ, ಆದರೆ ‘ಹೂಂ, ಇಟ್ಕೊಳ್ಳಿ’ ಎಂದರು.

ನಿಧಾನಪ್ಪ ಬರಿಗಾಲಿನಲ್ಲಿ ನಡೆದು ಹೋಗಿ ಚಪ್ಪಟೆಯಾದ ಪೆಟ್ಟಿಗೆಯನ್ನು ಎತ್ತಿ, ಮೂಲೆಗಳನ್ನು ಒಳಗಿನಿಂದ ಗುದ್ದಿ, ಹೇಗೋ ನಿಲ್ಲುವಂತೆ ಮಾಡಿದ. ಪಕ್ಕಕ್ಕೆ ಸರಿದು ನಿಂತ. ಕಾರು ಬಂತು, ಪೆಟ್ಟಿಗೆಯನ್ನು ಮತ್ತೆ ಕೆಡವಿತು. ಅವನು ಮತ್ತೆ ಎತ್ತಿ ನಿಲ್ಲಿಸಿದ. ಇನ್ನೊಂದು ಸಲ ಬಂತು, ಎಷ್ಟೋ ದೂರದಲ್ಲೇ ಗಕ್ಕನೆ ನಿಂತು ಎಂಜಿನ್ ಬಂದ್ ಬಿತ್ತು. ಬಿಸಿಲು ಏರಿತು. ಮೊದಲಾಗಿದ್ದರೆ ಅವನು ಕೈಯೆತ್ತಿ ಏನಾದರೂ ಕೂಗುತ್ತಿದ್ದ. ಈಗ ಬೀಳಿಸಿದ್ದನ್ನು ಎತ್ತಿ ನಿಲ್ಲಿಸುವುದು ಮಾತ್ರ ಅವನ ಕೆಲಸವಾಗಿತ್ತು.

ಆಮೇಲಿನ ಒಂದು ಸಲ ಕಾರು ಹದವಾಗಿ ಬಂತು, ಹದವಾಗಿ ನಿಧಾನವಾಯಿತು, ಪೆಟ್ಟಿಗೆಯ ಮುಂದೆ ಬಂದು ನಿಂತಿತು. ಪೆಟ್ಟಿಗೆ ಬೀಳಲಿಲ್ಲ. ಅತ್ತಿಗೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಎದುರಿಗೇ ನೋಡುತ್ತಿದ್ದರು. ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅವನು ಎಲ್ಲಿದ್ದಾನೆಂದು ಕಾಣದೆ, ಬಯಲಿಗೇ ಕೇಳಿದ.

‘ಲೋ, ನಿಂತಿತಾ?’

ನಿಧಾನಪ್ಪ ಬಗ್ಗಿ ನೋಡಿದ. ಬಂಪರು ರಟ್ಟಿಗೆ ಒತ್ತಿಕೊಂಡಿತ್ತು, ರಟ್ಟು ಅಲ್ಲಿ ಒಂದಿಷ್ಟು ಒಳಕ್ಕೆ ಹೋಗಿತ್ತು. ಅತ್ತಿಗೆ ಈಗ ಅವನ ಕಡೆ ನೋಡುತ್ತಿದ್ದರು. ಮೊದಲ ದಿನ ಅವನ ಕಾರು ನಿಂತಾಗ ಹೇಗೆ ನೋಡಿದ್ದರೋ ಹಾಗೇ ನೋಡುತ್ತಿದ್ದರು. ‘ಭೇಷ್’ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತು.

‘ತಾಗಿದೆ ಅತ್ತಿಗೆ’ ಎಂದ.

ಅತ್ತಿಗೆ ತಲೆಯಾಡಿಸಿ ರಿವರ್ಸ್ ಹಾಕಿದರು.